ಮಗ್ಗದ ಕೋಣೆ ದಾಟಿ ಹೋದ ಕೇಬಲ್

ಮೊಮ್ಮಕ್ಕಳೇ, ನಿಮ್ಮ ಅಕ್ಕನ ಗೇಮು ನಡುವೆ ನಡುವೆ ನಿಲ್ಲುತ್ತಿದ್ದುದಕ್ಕೆ ಕಾರಣ ನಾನೇ. ಮೊದಲು ಅದನ್ನು ಬರೆದುಬಿಡುತ್ತೇನೆ.

ರಬಕವಿಯಲ್ಲಿ ಮಗ್ಗವಿರುವ ಮನೆಯೆಂದರೆ ನೂಲಿನ ಧೂಳು ಅನ್ನದ ಮೇಲೂ ಕೂರುತ್ತದೆ. ಹೊಸದೇನು ಬಂದರೂ ಬಟ್ಟೆಯಲ್ಲಿ ಸುತ್ತಿ ಒಳಗಿಡುವುದು ನಮ್ಮ ರೂಢಿ. ವೈಫೈ ಪೆಟ್ಟಿಗೆಯನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಪಡಸಾಲೆಯ ಕಬ್ಬಿಣದ ಕಪಾಟಿನಲ್ಲಿಟ್ಟೆ. ವೈರು ಹೋಗುವಷ್ಟು ಸಂದು ಬಿಟ್ಟು ಬಾಗಿಲು ಮುಚ್ಚಿದೆ.

ಅಕ್ಕ ಆಡುವುದು ಹಿಂದಿನ ಮಗ್ಗದ ಕೋಣೆಯ ಮೇಲಿರುವ ಮಾಳಿಗೆಯ ಕಂಪ್ಯೂಟರಿನಲ್ಲಿ. ಅವಳದು ಐದು ಹುಡುಗಿಯರ ತಂಡ. ಜಮಖಂಡಿಯ ನಾಯಕಿ ಒಮ್ಮೆ ಫೋನಿನಲ್ಲಿ ಅಂದದ್ದು ನನ್ನ ಕಿವಿಗೂ ಬಿತ್ತು: "ಅಮಾಸಿ ದಿನದ ಮ್ಯಾಚಿನ್ಯಾಗೂ ನಿನ್ನ ಲೈನ್ ಹೋತಂದ್ರ ಬ್ಯಾರೆದಾಕಿನ್ನ ತಗೋತೀವಿ ನೋಡ." ಅಕ್ಕ ಅಂದು ಊಟ ಮಾಡಲಿಲ್ಲ.

ವೈಫೈ ಲೈನಿನವನು ಬಂದು ಕಪಾಟು ತೆಗೆದು ನಕ್ಕ.

"ಆಯಿ, ಇದಕ್ಕೇನ್ ಥಂಡಿ ಹತ್ತೇತೇನ್ರಿ, ಇಷ್ಟ್ ಹೊಚ್ಚೀರಿ?"

ಪೆಟ್ಟಿಗೆಯನ್ನು ಹೊರಗೆ ಗೋಡೆಗೆ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಆದರೂ ದಪ್ಪ ಗೋಡೆ ದಾಟಿ ಸಿಗ್ನಲ್ ಮಾಳಿಗೆಗೆ ಸರಿಯಾಗಿ ಮುಟ್ಟಲಿಲ್ಲ. ಪೆಟ್ಟಿಗೆಯಿಂದ ನೇರ ಕಂಪ್ಯೂಟರಿಗೆ ಕೇಬಲ್ ಎಳೆದರೆ ಗೇಮು ನಿಲ್ಲುವುದಿಲ್ಲ ಎಂದ ಅವನು. ಕೇಬಲ್ ಮಗ್ಗದ ಕೋಣೆಯ ಮೂಲಕವೇ ಹೋಗಬೇಕಿತ್ತು. ನಿಮ್ಮ ದೊಡ್ಡಜ್ಜ, ಅಂದರೆ ನನ್ನ ಭಾವ, ಬೇಡವೆಂದು ಅವನನ್ನು ಕಳಿಸಿಬಿಟ್ಟರು. ಕೇಬಲ್ ಸುರುಳಿ ಮಾತ್ರ ಉಳಿಯಿತು.

ನಮ್ಮ ಮನೆಯಲ್ಲಿ ಸೊಸೆಯರು ಭಾವನ ಜೊತೆ ನೇರವಾಗಿ ಮಾತಾಡುವುದಿಲ್ಲ. ಬಾಗಿಲ ಹಿಂದೆ ನಿಂತು, "ಊಟಕ್ಕ ಏಳ್ರಿ ಅಂತ ಹೇಳು" ಎಂದು ಯಾವುದಾದರೂ ಮಗುವಿಗೆ ಹೇಳಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಹಾಗೆಯೇ ಇದ್ದೆ. ನಿಮ್ಮ ಅಜ್ಜ ಹೋದ ಮೇಲೆ ಆ ಮಾತೂ ಕಡಿಮೆಯಾಗಿತ್ತು.

ಅಮಾವಾಸ್ಯೆಗೆ ಮಗ್ಗ ನಿಲ್ಲಿಸುತ್ತೇವೆ. ಅಂದು ಬೆಳಿಗ್ಗೆ ನಾನು ಸುರುಳಿ ಎತ್ತಿಕೊಂಡು ಪಡಸಾಲೆಗೆ ಬಂದೆ. ಭಾವ ಅಕ್ಕನಿಗೆ ಅಂದರು: "ನಿಮ್ಮ ಆಯಿ ಏನ್ ಮಾಡಾಕತ್ಯಾಳ ಕೇಳ."

ಅಕ್ಕ ನನ್ನ ಮುಖ ನೋಡಿದಳು. ನಾನು ಬಾಗಿಲ ಹಿಂದೆ ಹೋಗಲಿಲ್ಲ.

"ಕೇಬಲ್ ಎಳ್ಯಾಕತ್ತೇನ್ರಿ, ಭಾವಾರ."

ಅವರು ಗೋಡೆಯ ಕಡೆ ತಿರುಗಿದರು. "ಮಗ್ಗದ ಮನ್ಯಾಗ ಆಟದ ತಂತಿ ಬ್ಯಾಡ ಅಂದಿದ್ನೆಲ್ಲ?"

"ಅಂದಿದ್ರಿ. ನಾ ಹೂಂ ಅಂದಿದ್ದಿಲ್ರಿ."

"ಹೆಣ್ಣಹುಡುಗಿ ಆಟಕ್ಕ ಇಷ್ಟ್ಯಾಕ ಕುಣಿತಾರ?"

"ಅಕಿ ಆಡಿ ಸೋತ್ರ ಸೋಲ್ಲಿರಿ. ನಮ್ಮ ಮನಿ ಗ್ವಾಡಿ ಸಲುವಾಗಿ ಅಕಿನ್ನ ತಂಡದಿಂದ ತಗೀಬಾರ್ದು."

ನಾನು ಸುರುಳಿ ಹಿಡಿದು ಮಗ್ಗದ ಕೋಣೆಗೆ ಹೋದೆ, ಅಕ್ಕ ಮಾಳಿಗೆ ಹತ್ತಿದಳು. ಮಾಳಿಗೆಯಿಂದ ಮಗ್ಗದ ಕೋಣೆಗೆ ನೆಟ್ಟಗೆ ಇಳಿಯುವ ಹಳೆಯ ಖಾಲಿ ಪೈಪು ಒಂದಿತ್ತು. ನೂಲಿಗೆ ನಟ್ಟು ಕಟ್ಟಿ ಅಕ್ಕ ಮೇಲಿಂದ ಬಿಟ್ಟಳು. ಕೆಳಗೆ ನಾನು ಕೇಬಲ್ ತುದಿಗೆ ಆ ನೂಲು ಬಿಗಿದೆ. ಅಕ್ಕ ಎಳೆಯುವಾಗ ಕೇಬಲ್ ನಡುವೆ ಸಿಕ್ಕಿಕೊಂಡಿತು.

"ಆಯಿ, ಬರವಲ್ದು ಬೇ!"

"ಜಗ್ಗಬ್ಯಾಡ, ಹರೀತದ. ಸಡ್ಲ ಬಿಡು, ಆಮ್ಯಾಲ ಎಳಿ."

ನೂಲಿನ ಕೆಲಸ ನನಗೆ ಯಾರೂ ಕಲಿಸಬೇಕಿಲ್ಲ. ಮೂರನೆಯ ಸಲಕ್ಕೆ ಕೇಬಲ್ ಮಾಳಿಗೆ ಮುಟ್ಟಿತು. ಇನ್ನೊಂದು ತುದಿಯನ್ನು ಗೋಡೆಗುಂಟ, ಮಗ್ಗದ ಕರೆಂಟಿನ ವೈರಿನಿಂದ ದೂರ ಒಯ್ದು, ಪೆಟ್ಟಿಗೆಗೆ ಸಿಕ್ಕಿಸಿದೆ.

ಮಧ್ಯಾಹ್ನದ ಮ್ಯಾಚಿನಲ್ಲಿ ಅವರ ತಂಡ ಸೋತಿತು. ಆದರೆ ಲೈನು ಒಮ್ಮೆಯೂ ಹೋಗಲಿಲ್ಲ. "ಮುಂದಿನ ಮ್ಯಾಚಿಗೂ ನೀನ ಬಾ" ಎಂದಳಂತೆ ನಾಯಕಿ.

ಮರುದಿನ ಮಗ್ಗಗಳು ಶುರುವಾದವು. ಚಹಾ ಕೊಡಲು ಹೋದಾಗ ಭಾವ ನನ್ನನ್ನೇ ಕೇಳಿದರು: "ಆಟ ಮುಗೀತಲ್ಲ, ಆ ಕೇಬಲ್ ಯಾವಾಗ ತಗೀತಿ?"

"ತಗ್ಯಾಂಗಿಲ್ರಿ" ಎಂದು ಬಟ್ಟಲು ಅವರ ಮುಂದಿಟ್ಟೆ.