ಸಾಕವ್ವತ್ತಿ ಇಟ್ಟ ಹೆಸರು

ಹಂಚನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿಗೊಟ್ಟು, ಇದು ಗಟ್ಟಿ, ಇದು ಬಿರುಕು ಎಂದು ಬೇರೆ ಮಾಡುವುದು ಸಾಕವ್ವತ್ತಿಯ ಕೆಲಸ. ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅದನ್ನೇ ಮಾಡಿದಳು. ಆ ಚಟ ಎಲ್ಲದಕ್ಕೂ ಹಬ್ಬಿತ್ತು. ಗಡಿಗೆ, ಕುಂಬಳಕಾಯಿ, ನಮ್ಮ ತಲೆ, ಯಾವುದನ್ನೂ ಬಡಿಯದೆ ಬಿಡುತ್ತಿರಲಿಲ್ಲ. ಹೆಸರನ್ನೂ ಹಾಗೇ ಪರೀಕ್ಷಿಸಬೇಕು ಎನ್ನುವಳು. "ಹಿತ್ತಲದಾಗ ನಿಂತು ಒದರಿ ನೋಡಬೇಕು. ಕರ್ಯಾವ್ರಿಗೂ ಚಲೋ ಅನಸಬೇಕು, ಓಡಿ ಬರೂ ಕೂಸಿಗೂ ಚಲೋ ಅನಸಬೇಕು."

ಅವಳ ಹೆಸರನ್ನು ಮಾತ್ರ ಯಾರೂ ಹಾಗೆ ನೋಡಿರಲಿಲ್ಲ. ಅವಳು ಐದನೆಯ ಹೆಣ್ಣು. ಇನ್ನು ಹೆಣ್ಣು ಸಾಕು ಎಂಬುದು ದೇವರಿಗೆ ತಿಳಿಯಲಿ ಎಂದು ಸಾಕವ್ವ. ದೇವರಿಗೆ ಅರ್ಜಿ ಬರೆಯಲು ಇವರಿಗೆ ಹಸುಗೂಸೇ ಬೇಕಾಗಿತ್ತೆ? ಅವಳ ಬೆನ್ನಿಗೆ ನನ್ನಪ್ಪ ಹುಟ್ಟಿದ. ಹೆಸರು ಫಲ ಕೊಟ್ಟಿತೆಂದು ಅಜ್ಜಿ ಸಾಯುವ ತನಕ ನಂಬಿದ್ದಳು.

ಹಾಗಾಗಿ ನಾನು ನಾಲ್ಕನೆಯ ಹೆಣ್ಣಾಗಿ ಹುಟ್ಟಿದಾಗ ಬೆಳಗಾವಿ ಟಿಳಕವಾಡಿಯ ನಮ್ಮ ಮನೆಯಲ್ಲಿ ಚರ್ಚೆಯೇ ನಡೆಯಲಿಲ್ಲ. ನನಗೂ ಸಾಕವ್ವ ಎಂದೇ ಇಡುವುದೆಂದು ಅಜ್ಜಿ ಹೇಳಿದಳು, ಅಪ್ಪ ತಲೆ ಆಡಿಸಿದ. ಆದರೆ ತೊಟ್ಟಿಲಿಗೆ ಹಾಕುವ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅವಳ ಬಾಯಿಂದ ಬಂದದ್ದೇ ಹೆಸರು. ಅತ್ತಿ ಬಗ್ಗಿ, ಕಿವಿಯಲ್ಲಿ ಕುರ್ರ್ ಎಂದು, ಎದ್ದು ನಿಂತು, ಓಣಿಗೆಲ್ಲ ಕೇಳುವಂತೆ "ಸಡಗರ" ಎಂದಳು. ಹೆಸರಿಟ್ಟವಳ ಬೆನ್ನಿಗೆ ಹೆಂಗಸರು ಚೇಷ್ಟೆಗೆ ಗುದ್ದುವುದು ಪದ್ಧತಿ. ಅಜ್ಜಿ ಅಂದು ನಿಜವಾಗಿಯೇ ಗುದ್ದಿದಳಂತೆ. ಅವ್ವ ಇದನ್ನು ನಗುತ್ತ ಹೇಳುತ್ತಿದ್ದಳು. ನನಗೆ ಒಮ್ಮೆಯೂ ನಗು ಬಂದದ್ದಿಲ್ಲ.

ಸಾಲಿಗೆ ಹಚ್ಚುವ ದಿನ ಹೆಡ್‌ಮಾಸ್ತರರು ಪೆನ್ನು ಕೆಳಗಿಟ್ಟು, "ಇದೇನು ಹೆಸರ್ರಿ? ಬ್ಯಾರೆ ಬರಸ್ರಿ" ಎಂದರು. ಅಪ್ಪ ಹೂಂ ಎಂದೇ ಬಿಡುತ್ತಿದ್ದ, ಅವನ ಜನ್ಮವೇ ಹೂಂ ಎನ್ನುವುದರಲ್ಲಿ ಕಳೆಯಿತು. ಖಾನಾಪುರದಿಂದ ಬೆಳಗಿನ ಬಸ್ಸಿಗೇ ಬಂದಿದ್ದ ಅತ್ತಿ ಮೇಜಿನ ಹತ್ತಿರ ಸರಿದಳು.

"ನನಗ ಸಾಕವ್ವ ಅಂತ ಇಟ್ಟಾರ್ರಿ, ಮಾಸ್ತರ. ನಾ ಸಾಲಿಗೆ ಹೋದಾಗ ಇದೇನು ಹೆಸರು ಅಂತ ಯಾರೂ ಕೇಳಲಿಲ್ಲ, ಸುಮ್ನ ಬರಕೊಂಡ್ರು. ಇದನ್ನೂ ಬರಕೋರಿ."

ಅವರು ಬರೆದುಕೊಂಡರು.

ನನಗೆ ಹದಿನೆಂಟು ತುಂಬಿದ ವರ್ಷ ಅತ್ತಿ ಬೆಳಗಾವಿಯ ಆಸ್ಪತ್ರೆ ಸೇರಿದಳು. ಒಂದು ಸಂಜೆ ಕಾಲೊತ್ತುತ್ತ ಕೇಳಿದೆ, "ಅತ್ತಿ, ನಿನಗ ಏನಂತ ಹೆಸರಿಡಬೇಕಾಗಿತ್ತು?"

ಅವಳು ಮಂಚದ ಕಂಬಿಯನ್ನು ಗೆಣ್ಣಿನಿಂದ ಬಡಿದಳು. "ಇಷ್ಟ್ ವರ್ಷದಾಗ ನೀ ಒಬ್ಬಾಕಿನ ಕೇಳಿದಿ ನೋಡು. ವಿಚಾರ ಮಾಡಬೇಕವಾ. ನಾಳಿ ಬಾ, ಹೇಳ್ತೀನಿ."

ಮರುದಿನ ನಾನು ಹೋಗುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು. ಗುಮಾಸ್ತ ಕಾಗದ ಮುಂದಿಟ್ಟುಕೊಂಡು, ತೀರಿಕೊಂಡವರ ಹೆಸರೇನೆಂದು ಕೇಳಿದ. ಅಪ್ಪ ನನ್ನತ್ತ ನೋಡಿದ. ಸಾಕವ್ವ ಎಂದು ನಾನು ಬರೆಸಿದೆ.