ಮುಷ್ಟಿಯೊಳಗಿನ ಹೊಟ್ಟು

ಅವರ ಬಲಗೈ ಯಾವಾಗಲೂ ಬೂದಿಬಣ್ಣ. ಉಗುರಿನ ಸಂದಿಯಲ್ಲಿ ಒಲೆಬೂದಿ, ಬೆರಳಿನ ಗೆರೆಗಳಲ್ಲಿ ಭತ್ತದ ಹೊಟ್ಟಿನ ಚೂರು. ಬೆಳಗಾದರೆ ಆ ಕೈ ಹಿತ್ತಿಲ ಕೋಳಿಗೂಡಿನೊಳಗೆ ಹೋಗಿ, ನೆಲಕ್ಕೆ ಹಾಸಿದ ಹೊಟ್ಟನ್ನು ಒಂದು ಹಿಡಿ ಎತ್ತಿ ಬಿಗಿಯಾಗಿ ಅದುಮಿ ಬಿಡುತ್ತಿತ್ತು. ಪುಡಿಪುಡಿಯಾಗಿ ಉದುರಿದರೆ ಸರಿ. ಉಂಡೆಯಾಗಿ ನಿಂತಿತೋ, ಆ ದಿನ ಕಾಫಿಯೂ ಇಲ್ಲ, ತಿಂಡಿಯೂ ಇಲ್ಲ. ಒದ್ದೆಯಾದದ್ದನ್ನೆಲ್ಲ ಬಳಿದು ತೆಗೆದು ಒಣ ಹೊಟ್ಟು, ಬೂದಿ ಹರವಿದ ಮೇಲೆಯೇ ಬೇರೆ ಮಾತು.

ವಿಶಾಖಪಟ್ಟಣದ ಮಧುರವಾಡದಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟ ಓನರಮ್ಮ ಇವರು. ಬಳ್ಳಾರಿ ಕಡೆಯವರು. ಬಂದರಿನಲ್ಲಿ ಕೆಲಸ ಮಾಡುತ್ತಿದ್ದ ತೆಲುಗಿನವರನ್ನು ಮದುವೆಯಾಗಿ ಬಂದು ನಲವತ್ತು ವರ್ಷ ಕಳೆದಿತ್ತು. ಗಂಡ ತೀರಿಹೋಗಿದ್ದರು, ವಿಜಯವಾಡದಲ್ಲಿದ್ದ ಮಗಳಿಗೆ ತೆಲುಗೇ ಸಲೀಸು. "ನನ್ನ ಕನ್ನಡ ಕೇಳೋರು ಅಂದ್ರೆ ನೀನು, ಈ ಕೋಳಿ. ಅವು ಎದುರು ಮಾತಾಡಲ್ಲ" ಅನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು ಮಾತ್ರ ತೆಲುಗಿನಲ್ಲಿ 'ಅಮ್ಮಾಯಿ', ಹುಡುಗಿ ಎಂದು.

ನಾನು ಔಷಧ ಕಂಪನಿಯ ಲ್ಯಾಬಿನವಳು. ಕೈ ತೊಳೆಯುವುದರಲ್ಲೇ ಅರ್ಧ ದಿನ ಹೋಗುವ ನೌಕರಿ. ಬಂದ ಹೊಸದರಲ್ಲಿ, "ಅಮ್ಮಾ, ಗೂಡನ್ನ ಫಿನಾಯಿಲ್ ಹಾಕಿ ತೊಳೆಸಬಾರದಾ?" ಎಂದು ಬುದ್ಧಿ ಹೇಳಿದ್ದೆ. ಅವರು ನಕ್ಕರು. "ಇದು ನಿನ್ನ ಲ್ಯಾಬ್ ಅಲ್ಲ ಅಮ್ಮಾಯಿ. ಈ ಸೆಕೆ, ಈ ಮಳೆ ಊರಾಗ ಕೋಳಿ ಸಾಯೋದು ಕಸಕ್ಕಲ್ಲ, ತ್ಯಾವಕ್ಕ." ಕಡಲ ಕಡೆಯಿಂದ ಮಳೆ ಓರೆಯಾಗಿ ಬಡಿಯುತ್ತದೆಂದು ಆ ಬದಿಯ ಸೂರನ್ನು ಉದ್ದಕ್ಕೆ ಇಳಿಬಿಟ್ಟಿದ್ದರು. ಗೂಡನ್ನು ಕಲ್ಲುಕಂಬಗಳ ಮೇಲೆ ಎತ್ತರಿಸಿದ್ದರು. ನನಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಓದಿದವಳಲ್ಲವೇ!

ಪಕ್ಕದಲ್ಲಿ ಅಪಾರ್ಟ್‌ಮೆಂಟ್ ಎದ್ದ ಮೇಲೆ ದೂರು ಶುರುವಾಯಿತು. ಕೋಳಿ ವಾಸನೆಯಂತೆ, ಹುಂಜ ಕೂಗುತ್ತದಂತೆ! ಆ ಮಹನೀಯರ ಚರಂಡಿ ಪೈಪು ತೆರೆದುಕೊಂಡಿದ್ದು ಓನರಮ್ಮನ ಕಾಂಪೌಂಡಿನ ಬುಡಕ್ಕೆ. ಅವರ ಏಸಿಗಳ ನೀರು ಸುರಿಯುತ್ತಿದ್ದದ್ದು ಇವರ ಹಿತ್ತಿಲಿಗೆ. ನಾರುತ್ತಿದ್ದದ್ದು ಅವರ ಹೊಲಸು, ಬೈಸಿಕೊಂಡದ್ದು ಹನ್ನೊಂದು ಹೇಂಟೆ, ಒಂದು ಹುಂಜ. ಇದಕ್ಕಿಂತ ನಾಚಿಕೆಗೇಡು ಬೇಕೇ?

ಮಗಳ ಹೆರಿಗೆಗೆಂದು ಓನರಮ್ಮ ವಿಜಯವಾಡಕ್ಕೆ ಹೋದರು. ಗೇಟಿನ ಕೀಲಿ ನನ್ನ ಕೈಗಿಟ್ಟು ಹೇಳಿದ್ದು ಇಷ್ಟೇ: "ದಿನಾ ಹೊಟ್ಟು ಕೆದಕು. ನೀರು ಮುಟ್ಟಿಸಬ್ಯಾಡ." ಮೂರು ದಿನ ಬಿಡದೆ ಮಳೆ ಸುರಿಯಿತು. ಭಾನುವಾರ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಇಬ್ಬರು ಆಳುಗಳೊಂದಿಗೆ, ಉದ್ದದ ಪೈಪು ಹಿಡಿಸಿಕೊಂಡು ಬಂದ. ಸ್ವಚ್ಛತಾ ಕಾರ್ಯಕ್ರಮವಂತೆ. ನಾನು ಗೇಟು ತೆಗೆದೆ. ಹೌದು, ನಾನೇ ತೆಗೆದೆ. ಗೂಡಿನ ಹೊಟ್ಟನ್ನೆಲ್ಲ ಎಳೆದು ಹಾಕಿ, ರಭಸದ ನೀರು ಬಿಟ್ಟು, ಫಿನಾಯಿಲ್ ಸುರಿದರು. ಮೂಲೆಯಲ್ಲಿದ್ದ ಒಣ ಹೊಟ್ಟಿನ ಮೂಟೆಯನ್ನೂ ಬೂದಿ ಡಬ್ಬವನ್ನೂ ಕಸವೆಂದು ಗಾಡಿಗೆ ಹಾಕಿಕೊಂಡು ಹೋದರು. ಗೂಡು ಫಳಫಳ ಹೊಳೆಯಿತು. ಫೋಟೋ ತೆಗೆದು ಹೆಮ್ಮೆಯಿಂದ ಓನರಮ್ಮನಿಗೆ ಕಳಿಸಿದೆ.

ತಕ್ಷಣ ಫೋನ್ ಬಂತು. "ನೀರು ಹಾಕಿಸಿದ್ಯೇನ ಅಮ್ಮಾಯಿ?" ಅಂದರು. ಅಷ್ಟೇ, ಫೋನ್ ಇಟ್ಟರು.

ಹಸುಗೂಸನ್ನು, ಬಾಣಂತಿಯನ್ನು ಬೀಗರ ವಶಕ್ಕೆ ಬಿಟ್ಟು ಮರುದಿನವೇ ರೈಲು ಹತ್ತಿ ಬಂದರು. ಬಂದು ಮಾಡುವುದೇನು? ಆ ಮಳೆಯಲ್ಲಿ ಒಣ ಹೊಟ್ಟು ಎಲ್ಲೂ ಸಿಗಲಿಲ್ಲ. ಹಳೇ ಸೀರೆ, ಪೇಪರು ಹಾಸಿದೆವು, ಅವೂ ಒದ್ದೆಯಾದವು. ಕೋಳಿಗಳು ಮೂಗು ಸೋರಿಸುತ್ತ, ರಕ್ತದ ಹಿಕ್ಕೆ ಹಾಕುತ್ತ ಒಂದೊಂದಾಗಿ ಮುದುಡಿ ಬಿದ್ದವು. ಉಳಿದದ್ದು ಹಿಂದಿನ ವರಾಂಡದ ಬುಟ್ಟಿಯಲ್ಲಿ ಕಾವಿಗೆ ಕೂತಿದ್ದ ಒಂದೇ ಹೇಂಟೆ. ಸೆಕ್ರೆಟರಿಗೆ ಹೇಳಿದರೆ, "ಶುಭ್ರಂ ಚೇಯಡಂ ಕೂಡಾ ತಪ್ಪೇನಾ ಅಂಡಿ?" ಎಂದು ನನ್ನನ್ನೇ ಕೇಳಿದ. ಚೊಕ್ಕಟ ಮಾಡಿದ್ದೂ ತಪ್ಪೇ ಎಂದು! ನಾನು ತೆಗೆದ ಆ ಫೋಟೋವನ್ನು ನನ್ನಿಂದಲೇ ಇಸಿದುಕೊಂಡು ತಮ್ಮ ಗ್ರೂಪಿನಲ್ಲಿ ಹಾಕಿ ಶಭಾಷ್ ಗಿಟ್ಟಿಸಿಕೊಂಡಿದ್ದ. ನೆನೆದರೆ ಈಗಲೂ ಮೈ ಉರಿಯುತ್ತದೆ. ಅವನ ಮೇಲೆಷ್ಟೋ ನನ್ನ ಮೇಲೂ ಅಷ್ಟೇ.

"ನನ್ನ ತಪ್ಪು ಅಮ್ಮಾ" ಅಂದೆ. ಪರವಾಗಿಲ್ಲ ಬಿಡು ಅನ್ನುತ್ತಾರೆಂದು ಕಾದೆ. ಅವರು ಹಾಗೆ ಅನ್ನಲಿಲ್ಲ.

"ತಪ್ಪೇ. ನಾಳೆ ಆರು ಗಂಟೆಗೆ ಬಾ. ನಿನ್ನ ಕೈಗೆ ಕಲಿಸ್ತೀನಿ."

ಬುಟ್ಟಿಯ ಮೊಟ್ಟೆಗಳಲ್ಲಿ ಒಂಬತ್ತು ಮರಿಯಾದವು. ವರ್ಷವಿಡೀ ನನ್ನ ಕೈಯಿಂದ ಹೊಟ್ಟು ಅದುಮಿಸಿದರು. "ಕಣ್ಣಿಂದ ನೋಡಬ್ಯಾಡ, ಕೈಗೆ ಕೇಳು" ಎಂದು ಗದರುತ್ತಿದ್ದರು. ಮುಂದಿನ ಮಳೆಗಾಲದಲ್ಲಿ ಮೊಮ್ಮಗಳ ಹುಟ್ಟುಹಬ್ಬಕ್ಕೆ ವಿಜಯವಾಡಕ್ಕೆ ಹೊರಟಾಗ ಅದೇ ಕೀಲಿಯನ್ನು ಮತ್ತೆ ನನ್ನ ಕೈಗೇ ಇಟ್ಟರು. ಈ ಸಲ ಹೊಟ್ಟು, ನೀರು ಎಂದು ಎಚ್ಚರಿಸಲಿಲ್ಲ.

ಸೆಕ್ರೆಟರಿ ಪೈಪು ಸಮೇತ ಮತ್ತೆ ಬಂದ. ನಾನು ಗೇಟಿಗೆ ಅಡ್ಡ ನಿಂತೆ. "ನೀವು ಬಾಡಿಗೆಯವರು ಮೇಡಂ, ನಿಮಗ್ಯಾಕೆ?" ಅಂದ ತೆಲುಗಿನಲ್ಲಿ. ನನ್ನ ಹರಕು ತೆಲುಗು ಕೈಕೊಟ್ಟಿತು, ಕನ್ನಡದಲ್ಲೇ ಬೈದೆ. "ಮೊದಲು ನಿನ್ನ ಚರಂಡಿ ಮುಚ್ಚಿಸಯ್ಯಾ! ಒಂದು ಹನಿ ನೀರು ಈ ಗೂಡಿಗೆ ಬಿತ್ತೋ, ನೋಡು!" ಅವನಿಗೆ ಎಷ್ಟು ಅರ್ಥವಾಯಿತೋ, ಪೈಪು ಸುತ್ತಿಕೊಂಡು ಹೋದ.

ಓನರಮ್ಮ ಬಂದ ಮೇಲೆ ಇದನ್ನು ಹೇಳಿ ನಗಿಸಬೇಕೆಂದಿದ್ದೆ. ಅವರು ಬರಲಿಲ್ಲ. ಹುಟ್ಟುಹಬ್ಬದ ಮರುದಿನ ಎದೆನೋವೆಂದು ಆಸ್ಪತ್ರೆಗೆ ಸೇರಿದವರು ಅಲ್ಲೇ ತೀರಿಕೊಂಡರು. ಮಗಳು ಅಳುತ್ತ ಫೋನಿನಲ್ಲಿ ಹೇಳಿದಳು: ನನಗೆ ಫೋನ್ ಮಾಡಿ ಒಂದು ಮಾತು ಕೇಳು ಎಂದು ಆಸ್ಪತ್ರೆಯಲ್ಲಿ ಅಮ್ಮ ಇವಳಿಗೆ ಹೇಳಿದ್ದರಂತೆ, ಗಾಬರಿಯಲ್ಲಿ ಇವಳು ಮರೆತಳಂತೆ. "ಹೊಟ್ಟು ಒಣಗಿದೆಯಾ ಅಂತ."

ಹೊರಗೆ ಮಳೆ ಹೊಯ್ಯುತ್ತಿತ್ತು. ಫೋನನ್ನು ಕಿವಿಗೆ ಹಿಡಿದುಕೊಂಡೇ ಗೂಡಿಗೆ ಹೋಗಿ ಒಂದು ಹಿಡಿ ಎತ್ತಿ ಅದುಮಿದೆ. ಬೆರಳು ಬಿಡಿಸಿದೊಡನೆ ಎಲ್ಲ ಉದುರಿಹೋಯಿತು.

"ಒಣಗಿದೆ" ಅಂದೆ.