ಉಸ್ತಾದರ ಪಾಲಿಗೆ ಹೋದ ಸ್ಪ್ರಿಂಗು

ಸಂಜೆ ಕಾರ್ಖಾನೆ ಬಾಗಿಲು ಹಾಕುವ ಮುಂಚೆ ಲೇತಿನ ಸಾಬರು ಗಡ್ಡದ ಮೇಲೆ ಅಯಸ್ಕಾಂತ ಆಡಿಸುತ್ತಿದ್ದರು. ಲೇತಿನಿಂದ ಹಾರಿ ಸಿಕ್ಕಿಕೊಂಡ ಕಬ್ಬಿಣದ ಪುಡಿ ಅದಕ್ಕೆ ಮೆತ್ತಿಕೊಂಡು ಬರುತ್ತಿತ್ತು. "ಇಲ್ದಿದ್ರೆ ಮನೇಲಿ ಊಟಕ್ಕೆ ಕೂರ್ಸಲ್ಲ ಮೇಷ್ಟ್ರೇ" ಎಂದು ನಗೋರು. ಎಪ್ಪತ್ತರ ದಶಕದ ಕೊನೆ. ನಾನು ತುಮಕೂರಿನಲ್ಲಿ ಹುಡುಗರಿಗೆ ಮೆಷಿನ್ ಡ್ರಾಯಿಂಗ್ ಕಲಿಸುತ್ತಿದ್ದೆ. ಸಾಬರು ನಮ್ಮ ಪಕ್ಕದ ಮನೆಯವರು.

ಯಾವ ಕೆಲಸಕ್ಕೆ ಕೈ ಹಾಕಿದರೂ ಮೊದಲು ಲೇತು ಮುಟ್ಟಿ, ಕೆಲಸ ಕಲಿಸಿದ ಉಸ್ತಾದರ ಹೆಸರು ಹೇಳುತ್ತಿದ್ದರು. ಉಸ್ತಾದರೆಂದರೆ ಕಡಬದಲ್ಲಿ ಕುಲುಮೆ ಇಟ್ಟಿದ್ದ ಒಬ್ಬ ಆಚಾರಿ; ತೀರಿಕೊಂಡು ಬಹಳ ಕಾಲವಾಗಿತ್ತು. ಯಾರಾದರೂ ಹೊಗಳಿದರೆ ಸಾಕು, "ನಂದೇನಿಲ್ಲ, ಎಲ್ಲಾ ಉಸ್ತಾದ್‌ರದ್ದು" ಎನ್ನೋರು. ಅತಿ ವಿನಯ ಧೂರ್ತಲಕ್ಷಣ ಅಂತಾರೆ. ಧೂರ್ತತನ ಒಂಚೂರಾದರೂ ಇದ್ದಿದ್ದರೆ ಪುಣ್ಯಾತ್ಮ ಬದುಕಿಕೊಳ್ಳುತ್ತಿದ್ದರು.

ಅವರೊಂದು ತೆಂಗಿನಕಾಯಿ ಸುಲಿಯುವ ಯಂತ್ರ ಮಾಡಿದ್ದರು. ಹಿಂದೆ ಆಚಾರಿ ಮಾಡಿದ್ದು ಕೈಯಲ್ಲಿ ಎಳೆಯುವ ಎರಡು ಅಲಗಿನ ಸಾಧನ. ಸಾಬರು ಅದಕ್ಕೆ ಕಾಲಲ್ಲಿ ಒತ್ತುವ ಪೆಡಲ್ಲು, ಅಲಗು ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು ಸೇರಿಸಿದರು. ವರ್ಷಗಟ್ಟಲೆ ತಿದ್ದಿ ತೀಡಿದ್ದನ್ನು ಕಣ್ಣಾರೆ ಕಂಡವನು ನಾನು. ಗುಬ್ಬಿಯ ಸಾಹುಕಾರನೊಬ್ಬ ಒಂದನ್ನು ಕೊಂಡುಹೋಗಿ, ಹಾಗೇ ನಕಲು ಮಾಡಿಸಿ ಮಾರಲು ಹೊರಟ. ಪೇಟೆಂಟ್ ಸಿಕ್ಕರೆ ಮಾತ್ರ ಅವನನ್ನು ತಡೆಯಬಹುದು ಎಂದರು ವಕೀಲರು.

"ಇದಕ್ಕೆ ಮುಂಚೆ ಇಂಥದ್ದು ಯಾರೇ ಮಾಡಿದ್ರೂ ಮುಚ್ಚಿಡಬಾರ್ದು, ಹೇಳ್ಬಿಡಿ. ಆಮೇಲೆ ನಿಮ್ಮದೇನು ಅಂತ ಬಿಡಿಸಿ ಹೇಳಿ."

ಅರ್ಜಿಗೆ ಯಂತ್ರದ ಚಿತ್ರ ಬರೆದುಕೊಟ್ಟವನು ನಾನು, ಆದರೆ ವಕೀಲರು ಸಾಬರನ್ನು ಕೂರಿಸಿಕೊಂಡು ಕೇಳಿದ ದಿನ ಅಲ್ಲಿರಲಿಲ್ಲ. ಅಲಗು ಯಾರದ್ದು? ಉಸ್ತಾದ್‌ರದ್ದು. ಪೆಡಲ್ಲು? ಉಸ್ತಾದ್‌ರದ್ದು. ಸ್ಪ್ರಿಂಗು? ಅದೂ ಅವರದ್ದೇ. "ಮತ್ತೆ ನಿಮ್ದೇನ್ರೀ?" ಎಂದರೆ, "ಜೋಡ್ಸಿದ್ದು" ಅಂದರಂತೆ. ವಕೀಲರು ಪಾಪ ಹಾಗೇ ಬರೆದು ಕಳಿಸಿದರು. ಇದರಲ್ಲಿ ಹೊಸದೇನೂ ಇಲ್ಲ ಎಂದು ಪೇಟೆಂಟ್ ಆಫೀಸಿನಿಂದ ಉತ್ತರ ಬಂತು. ಇನ್ನೇನು ಬರಬೇಕಿತ್ತು!

ನನಗೆ ಮೈಯೆಲ್ಲಾ ಉರಿದುಹೋಯಿತು. "ಸ್ಪ್ರಿಂಗ್ ಹಾಕಿದ್ದು ನೀವು! ನಾನೇ ನೋಡಿಲ್ವೇನ್ರೀ? ತಪ್ಪಾಗಿ ಹೇಳ್ದೆ ಅಂತ ಬರ್ಕೊಡಿ, ಉತ್ತರ ಕೊಡೋಕೆ ಇನ್ನೂ ವಾಯಿದೆ ಇದೆ."

"ಉಸ್ತಾದ್ ಹೆಸ್ರು ಹೊಡ್ದಾಕಿ ನನ್ ಹೆಸ್ರು ಬರ್ಸ್ಲಾ ಮೇಷ್ಟ್ರೇ?"

"ನಿಮ್ಮದನ್ನ ಅವರದ್ದು ಅಂದಿದ್ದು ಸುಳ್ಳಲ್ವಾ?"

"ಸುಳ್ಳೇ. ಆದ್ರೆ ನಂದು ಅನ್ನೋಕೆ ಈ ಬಾಯಿಗೆ ಬರಲ್ಲ" ಎಂದರು. ಎಷ್ಟು ಬೈದೆ, ಎಷ್ಟು ಬೇಡಿಕೊಂಡೆ. ಕಲ್ಲು ಕರಗಲಿಲ್ಲ.

ವಾಯಿದೆ ಮುಗಿಯಿತು. ಸಾಹುಕಾರನ ಯಂತ್ರಗಳು ಚೇಳೂರು, ಕುಣಿಗಲ್‌ವರೆಗೂ ಹೋದವು. ಕೆಲಸವಿಲ್ಲದೆ ಲೇತು ನಿಂತಿತು. ಕೊನೆಗೆ ಸಾಬರು ಮಗನನ್ನೂ ಕರೆದುಕೊಂಡು ಆ ಸಾಹುಕಾರನ ಶೆಡ್ಡಿಗೇ ಕೂಲಿಗೆ ಸೇರಿದರು. ಸ್ಪ್ರಿಂಗು ಸುತ್ತುವ ಕೆಲಸ. ನನಗೆ ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟರು.

ಕೆಲವೇ ವರ್ಷ, ಹೋಗಿಬಿಟ್ಟರು. ಮಣ್ಣು ಕೊಟ್ಟು ಖಬರಸ್ತಾನದಿಂದ ಹೊರಗೆ ಬರುವಾಗ ಸಾಹುಕಾರ ನನ್ನ ಪಕ್ಕ ನಿಂತು, "ಒಳ್ಳೇ ಕೆಲ್ಸಗಾರ ಕಣ್ರೀ. ಈ ಮೆಷಿನ್ ಕೆಲ್ಸ ಪೂರ್ತಿ ನಮ್ಮಲ್ಲಿಗೆ ಬಂದ್ಮೇಲೇ ಕಲ್ತಿದ್ದು" ಎಂದ.

ನಾನು ಬಾಯಿ ತೆರೆಯುವಷ್ಟರಲ್ಲಿ ಸಾಬರ ಮಗ ಕೈಗೆ ಅಂಟಿದ ಮಣ್ಣು ಒರೆಸಿಕೊಳ್ಳುತ್ತಾ, "ಹೌದು ಸಾವ್ಕಾರ್ರೇ, ಎಲ್ಲಾ ನಿಮ್ಮಿಂದ್ಲೇ" ಎಂದ.